ಅಜ್ಜನ ಟ್ರಂಕಿನ ಪದಕ: ತಕ್ಕಡಿಗೆ ಹಾಕುವ ಮೊದಲು ಅಂಚು ಓದಿ

ಹಳೇ ಮನೆ ಕೆಡವುವಾಗ, ಅಣ್ಣತಮ್ಮಂದಿರ ಭಾಗವಾಗುವಾಗ, ಇಲ್ಲವೇ ಅಟ್ಟದ ಟ್ರಂಕಿಗೆ ಗೆದ್ದಲು ಹತ್ತಿದಾಗ ಹೊರಗೆ ಬರುವ ಸಾಮಾನಿನಲ್ಲಿ ಒಂದು ಸಣ್ಣ ಬಟ್ಟೆ ಗಂಟು ಇರುತ್ತದೆ. ಬಿಚ್ಚಿದರೆ ಬಣ್ಣ ಮಾಸಿದ ರಿಬ್ಬನ್ನಿಗೆ ನೇತುಬಿದ್ದ ಎರಡು ಮೂರು ಬಿಲ್ಲೆ. 'ಮುತ್ತಜ್ಜ ಮಿಲಿಟರಿಯಲ್ಲಿದ್ರಂತೆ' ಅನ್ನೋದು ಬಿಟ್ಟರೆ ಮನೆಯಲ್ಲಿ ಯಾರಿಗೂ ಹೆಚ್ಚು ಗೊತ್ತಿರಲ್ಲ. ಬೆಳ್ಳಿಯದ್ದು ಅಕ್ಕಸಾಲಿಗರ ಅಂಗಡಿಗೆ ಹೋಗುತ್ತೆ, ಉಳಿದದ್ದು ಗುಜರಿಗೆ.

ಹಾಗೆ ಹೋದ ಬಿಲ್ಲೆಯ ಜೊತೆ ಒಂದು ದಾಖಲೆಯೂ ಕರಗಿಹೋಗುತ್ತದೆ. ಡಿಸ್ಚಾರ್ಜ್ ಬುಕ್ ಇಲ್ಲ, ಫೋಟೋ ಇಲ್ಲ, ಪತ್ರ ಇಲ್ಲ ಅನ್ನುವ ಮನೆಯಲ್ಲಿ ಆ ಮನುಷ್ಯ ಯಾವ ಪಲ್ಟನ್ನಿನಲ್ಲಿ, ಯಾವ ನಂಬರಿನಲ್ಲಿ ಸೇವೆ ಮಾಡಿದ ಎಂದು ಹೇಳುವ ಒಂದೇ ಸಾಕ್ಷಿ ಎಷ್ಟೋ ಸಲ ಆ ಪದಕದ ಅಂಚು. ಮಾರುವುದೋ ಇಟ್ಟುಕೊಳ್ಳುವುದೋ ಮನೆಯವರ ಇಷ್ಟ. ಆದರೆ ಕೈಯಲ್ಲಿರುವುದು ಏನು ಎಂದು ತಿಳಿಯದೆ ಕೊಡುವುದು ಬೇಡ.

ಮೊದಲು ಅಂಚು, ಆಮೇಲೆ ಮುಖ

ಪದಕ ಸಿಕ್ಕ ಕೂಡಲೇ ಎಲ್ಲರೂ ರಾಜನ ಮುಖ ನೋಡುತ್ತಾರೆ. ಅದು ಲಕ್ಷಾಂತರ ಪದಕಗಳಲ್ಲಿ ಒಂದೇ ಥರ ಇರುತ್ತೆ. ಒಬ್ಬ ವ್ಯಕ್ತಿಯದ್ದು ಎಂದು ಹೇಳುವುದು ಬಿಲ್ಲೆಯ ಸುತ್ತ ಇರುವ ದಪ್ಪ ಅಂಚು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ಬಿಲ್ಲೆಯನ್ನು ನಿಧಾನ ತಿರುಗಿಸಿದರೆ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ: ಮೊದಲು ನಂಬರ್, ನಂತರ ಹುದ್ದೆ, ಹೆಸರು, ಕೊನೆಗೆ ಪಲ್ಟನ್. ಅಕ್ಕಸಾಲಿಗರ ಭೂತಗನ್ನಡಿ ಇದ್ದರೆ ಇನ್ನೂ ಸಲೀಸು. ಒಂದೇ ಫೋಟೋದಲ್ಲಿ ಪೂರ್ತಿ ಬರಲ್ಲ. ನಾಲ್ಕೈದು ತೆಗೆದು, ಇದ್ದದ್ದು ಇದ್ದ ಹಾಗೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ತಪ್ಪು ಕಂಡರೂ ತಿದ್ದಬಾರದು.

ಹುದ್ದೆಗಳೆಲ್ಲ ಚುಟುಕಾಗಿರುತ್ತವೆ. ಎಸ್‌ಇಪಿ ಅಂದ್ರೆ ಸಿಪಾಯಿ, ಎಸ್‌ಪಿಆರ್ ಸ್ಯಾಪರ್, ಎಸ್‌ಡಬ್ಲ್ಯುಆರ್ ಕುದುರೆ ಸವಾರ. ಡಿವಿಆರ್ ಅಂದ್ರೆ ಡ್ರೈವರ್. ಮೊದಲ ಯುದ್ಧದ ಕಾಲದಲ್ಲಾದರೆ ಅವನು ಲಾರಿ ಓಡಿಸಿದವನಾಗಿರುವುದಕ್ಕಿಂತ ಹೇಸರಗತ್ತೆ, ಕುದುರೆ ನೋಡಿಕೊಂಡವನಾಗಿರುವ ಸಾಧ್ಯತೆಯೇ ಹೆಚ್ಚು. ಎಫ್‌ಒಎಲ್‌ಎಲ್‌ಆರ್ ಎಂದಿದ್ದರೆ ಫಾಲೋವರ್: ಅಡುಗೆ, ನೀರು, ಡೋಲಿ ಹೊರುವ ಕೆಲಸದವರು. ಇವರ ಪದಕವನ್ನು ಕಡಿಮೆ ದರ್ಜೆ ಎಂದು ಬದಿಗಿಡುವವರಿದ್ದಾರೆ. ಅದು ತಪ್ಪು ಲೆಕ್ಕ, ಯಾಕೆ ಅನ್ನೋದು ಮುಂದೆ ಬರುತ್ತೆ.

ಹೆಸರಿನ ಕಾಗುಣಿತ ನೋಡಿ ಗಾಬರಿ ಬೇಡ. ಪಲ್ಟನ್ನಿನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದೇ ಅಂಚಿಗೆ ಹೋಗಿದೆ. ಹನುಮಂತಪ್ಪ ಎಂಬುದು ಹನ್ಮಂತ ಆಗಿರಬಹುದು, ಅಡ್ಡಹೆಸರು ಪೂರ್ತಿ ಬಿಟ್ಟುಹೋಗಿರಬಹುದು. ಒಂದೇ ಹೆಸರಿನವರು ಒಂದೇ ಪಲ್ಟನ್ನಿನಲ್ಲಿ ಹತ್ತು ಮಂದಿ ಇದ್ದರೂ ನಂಬರ್ ಮಾತ್ರ ಬೇರೆ. ಹಾಗಾಗಿ ನಂಬರೇ ಆಧಾರ, ಹೆಸರು ಅದಕ್ಕೆ ಬೆಂಬಲ.

ಬೆಳ್ಳಿ ಕಂಚಿನ ಜೋಡಿ

ನಮ್ಮ ಕಡೆಯ ಮನೆಗಳಲ್ಲಿ ಸಿಗುವ ನೂರು ವರ್ಷ ದಾಟಿದ ಪದಕಗಳಲ್ಲಿ ಹೆಚ್ಚಿನವು ಮೊದಲ ಮಹಾಯುದ್ಧದವು. ಅವು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ.

ಒಂದು, ಬ್ರಿಟಿಷ್ ವಾರ್ ಮೆಡಲ್. ಅಡ್ಡಳತೆ 36 ಮಿಲಿಮೀಟರ್, ಒಳ್ಳೆ ಬೆಳ್ಳಿ, ತೂಕ ಸುಮಾರು ಒಂದು ಔನ್ಸ್, ಅಂದರೆ ಎರಡೂವರೆ ತೊಲಕ್ಕಿಂತ ಸ್ವಲ್ಪ ಹೆಚ್ಚು. ಒಂದು ಬದಿ ಐದನೇ ಜಾರ್ಜ್ ದೊರೆಯ ತಲೆ. ಇನ್ನೊಂದು ಬದಿ ಕುದುರೆ ಮೇಲೆ ಬತ್ತಲೆ ಪುರುಷ, ಕುದುರೆ ಕಾಲ ಕೆಳಗೆ ಹದ್ದಿನ ಗುರಾಣಿ ಮತ್ತು ತಲೆಬುರುಡೆ, ಜೊತೆಗೆ 1914 ಮತ್ತು 1918 ಎಂಬ ಇಸವಿ. ರಿಬ್ಬನ್ನಿನ ನಡುವೆ ಅಗಲ ಕಿತ್ತಳೆ, ಅದರ ಆಚೀಚೆ ಬಿಳಿ, ಕಪ್ಪು, ನೀಲಿ ಗೆರೆ.

ಎರಡು, ವಿಕ್ಟರಿ ಮೆಡಲ್. ಇದು ಕಂಚು, ಮೇಲೆ ಹಳದಿ ಹೊಳಪು. ರೆಕ್ಕೆಯ ದೇವತೆ ಒಂದು ಕಡೆ. 'ದಿ ಗ್ರೇಟ್ ವಾರ್ ಫಾರ್ ಸಿವಿಲೈಸೇಷನ್ 1914-1919' ಎಂಬ ಬರಹ ಇನ್ನೊಂದು ಕಡೆ. ರಿಬ್ಬನ್ ಕಾಮನಬಿಲ್ಲಿನ ಬಣ್ಣದ್ದು. ಹೊಳಪು ನೋಡಿ ಬಂಗಾರದ ನೀರು ಅಂದುಕೊಂಡು ಉಜ್ಜುವವರಿದ್ದಾರೆ. ಉಜ್ಜಿದರೆ ಹೊಳಪು ಹೋಗಿ ಹಿತ್ತಾಳೆ ತಂಬಿಗೆಯ ಥರ ಆಗುತ್ತೆ, ಅಷ್ಟೇ.

ಎರಡರ ಅಂಚಿನಲ್ಲೂ ಒಂದೇ ನಂಬರ್, ಒಂದೇ ಹೆಸರು ಇದ್ದರೆ ಜೋಡಿ ಒಬ್ಬನದೇ. ಬೇರೆ ಬೇರೆ ಇದ್ದರೆ ಇಬ್ಬರದ್ದು. ಅಣ್ಣತಮ್ಮ ಇಬ್ಬರೂ ಸೇರಿದ್ದ ಮನೆಗಳಲ್ಲಿ ಹೀಗೆ ಅದಲುಬದಲಾಗಿ ಪಾಲಾಗಿರುವುದುಂಟು.

ಬೆಳ್ಳಿ ಪದಕ ಸುಮಾರು 65 ಲಕ್ಷ ತಯಾರಾಗಿದ್ದವು. 1980ರ ಸುಮಾರಿಗೆ ಬೆಳ್ಳಿ ಬೆಲೆ ಗಗನಕ್ಕೇರಿದಾಗ ಜಗತ್ತಿನಾದ್ಯಂತ ರಾಶಿಗಟ್ಟಲೆ ಕರಗಿಹೋದವು. ಹಾಗಾಗಿ ಕಂಚಿನ ವಿಕ್ಟರಿ ಒಂದೇ ಉಳಿದು ಜೋಡಿಯ ಬೆಳ್ಳಿ ಕಾಣೆಯಾಗಿರುವ ಮನೆಗಳು ಬೇಕಾದಷ್ಟು.

ಇನ್ನು ವಾರ್ ಮೆಡಲ್ಲಿನ ಅದೇ ಕುದುರೆ ಚಿತ್ರ ಕಂಚಿನಲ್ಲಿದ್ದರೆ? 'ಡೂಪ್ಲಿಕೇಟ್' ಎಂದು ಗುಜರಿ ಡಬ್ಬಕ್ಕೆ ಹಾಕುವುದು ಇದನ್ನೇ. ಅದು ನಕಲಿ ಅಲ್ಲ. ಚೀನಾ, ಮಾಲ್ಟಾ ಮತ್ತು ಭಾರತದ ಲೇಬರ್ ಕೋರ್‌ನಂಥ ಕೂಲಿ ದಳದವರಿಗೆ ಬೆಳ್ಳಿ ಬದಲು ಕಂಚಿನಲ್ಲಿ ಕೊಟ್ಟರು. ಹೀಗೆ ಕೊಟ್ಟದ್ದು ಒಟ್ಟು 1,10,000ದಷ್ಟು ಮಾತ್ರ. ಅಂದಿನ ಸರ್ಕಾರದ ತಾರತಮ್ಯ ಇಂದು ಈ ಬಿಲ್ಲೆಯನ್ನು ಬೆಳ್ಳಿಯದಕ್ಕಿಂತ ಅಪರೂಪ ಮಾಡಿದೆ. ತೂಕಕ್ಕೆ ಹಾಕಿದರೆ ಚಹಾದ ಕಾಸೂ ಹುಟ್ಟಲ್ಲ, ಸಂಗ್ರಹಕಾರರು ಮಾತ್ರ ಹುಡುಕಿಕೊಂಡು ಬರುತ್ತಾರೆ.

ಇವೆರಡರ ಜೊತೆ ಅಡ್ಡಕತ್ತಿಗಳಿರುವ ಕಂಚಿನ ತಾರೆಯೂ ಇದ್ದರೆ ಆತ 1914 ಅಥವಾ 1915ರಲ್ಲೇ ಯುದ್ಧಭೂಮಿ ತಲುಪಿದವನು. ತಾರೆಗೆ ಬಿಲ್ಲೆಯ ಥರ ಅಂಚಿಲ್ಲ, ಹೆಸರು ಹಿಂಬದಿಯಲ್ಲಿ ಒತ್ತಿರುತ್ತೆ. ತಿರುಗಿಸಿ ನೋಡಿ.

ಪಲ್ಟನ್ ಓದುವ ಬಗೆ

ಇಡೀ ಕೆಲಸದಲ್ಲಿ ಕುತೂಹಲದ ಭಾಗ ಇದೇ, ಎಡವುವುದೂ ಇಲ್ಲೇ ಹೆಚ್ಚು.

ಹಳೇ ಮೈಸೂರು ಸೀಮೆಯ ಮನೆಯಲ್ಲಿ ಸಿಕ್ಕ ಪದಕದಲ್ಲಿ 'ಮೈಸೂರ್' ಎಂಬ ಹೆಸರಿನ ಜೊತೆ ಐ.ಎಸ್. ಎಂಬ ಎರಡಕ್ಷರ ಇದ್ದರೆ ಅದು ಬೆಳ್ಳಿಯ ಗುಣಮಟ್ಟದ ಮುದ್ರೆಯಲ್ಲ. ಇಂಪೀರಿಯಲ್ ಸರ್ವಿಸ್ ಅಂತ. ಸಂಸ್ಥಾನದ ರಾಜರು ಸಾಕಿ, ಯುದ್ಧಕ್ಕೆ ಬ್ರಿಟಿಷರ ಜೊತೆ ಕಳಿಸಿದ ಪಡೆಗಳಿಗೆ ಆ ಹೆಸರು. ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆ ಜೋಧಪುರ, ಮೈಸೂರು, ಹೈದರಾಬಾದ್ ಪಡೆಗಳ ನೆನಪಿನವು.

ಇಲ್ಲೊಂದು ಎಚ್ಚರ. ಲ್ಯಾನ್ಸರ್ಸ್ ಪದಕ ಇದೆ ಎಂದ ಮಾತ್ರಕ್ಕೆ 'ನಮ್ಮಜ್ಜ ಹೈಫಾದಲ್ಲಿ ಕುದುರೆ ಹಾರಿಸಿದ' ಅನ್ನುವಂತಿಲ್ಲ. ಪದಕ ಹೇಳುವುದು ಆತ ಯಾವ ಪಡೆಯವನು ಎಂದು. ಆ ದಿನ ಆತ ಎಲ್ಲಿದ್ದ ಎಂದು ಅದು ಹೇಳಲ್ಲ. ಆಸ್ಪತ್ರೆಯಲ್ಲಿದ್ದಿರಬಹುದು, ಹಿಂದಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದಿರಬಹುದು. ಮಾರುವವರು ಇದನ್ನು ಸೇರಿಸಿಯೇ ಬೆಲೆ ಹೇಳುತ್ತಾರೆ, ಕೊಳ್ಳುವವರು ಕಳೆದು ಕೇಳಬೇಕು.

ಸ್ಯಾಪರ್ಸ್ ವಿಷಯದಲ್ಲಿ ಮುಂದಿನ ಅಂಕಿ ನೋಡಿದರೆ ಸಾಕು. ಮೊದಲ ಯುದ್ಧದ ಪದಕದಲ್ಲಿ 2 ಎಂಬ ಅಂಕಿ ಮತ್ತು ಕ್ಯೂ.ವಿ.ಒ. ಇದ್ದರೆ ಕ್ವೀನ್ ವಿಕ್ಟೋರಿಯಾಸ್ ಓನ್, ಅಂದರೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. 1 ಎಂದರೆ ಬಂಗಾಳದವರು, 3 ಎಂದರೆ ಬಾಂಬೆಯವರು.

ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಮನೆಗಳಲ್ಲಿ ಮರಾಠಾ ಪಲ್ಟನ್ನಿನ ಹೆಸರು ಸಿಗಬಹುದು. ಮೊದಲ ಯುದ್ಧದ ಪದಕದಲ್ಲಿ 103, 105, 110, 114, 116, 117 ಈ ಅಂಕಿಗಳಲ್ಲಿ ಒಂದು ಇರುತ್ತೆ. 1922ರಲ್ಲಿ ಸೇನೆಯನ್ನು ಮರುಜೋಡಿಸಿದಾಗ ಇವೆಲ್ಲ ಸೇರಿ 5ನೇ ಮರಾಠಾ ಲೈಟ್ ಇನ್ಫೆಂಟ್ರಿ ಆದವು. ಅದೇ ವರ್ಷದಿಂದ ಅದರ ಕೇಂದ್ರ ಬೆಳಗಾವಿ. 103 ಎಂದಿದ್ದದ್ದು ಒಂದನೇ ಬೆಟಾಲಿಯನ್, 105 ಎರಡನೆಯದು, 110 ಮೂರನೆಯದು, 117 ಐದನೆಯದು. ನಂತರದ ಪದಕದಲ್ಲಿ 3/5 ಎಂದು ಕಂಡರೆ ಅದು ತಾರೀಖೂ ಅಲ್ಲ, ಭಿನ್ನರಾಶಿಯೂ ಅಲ್ಲ. ಐದನೇ ರೆಜಿಮೆಂಟಿನ ಮೂರನೇ ಬೆಟಾಲಿಯನ್ ಎಂದು ಓದಬೇಕು. ಇಂಗ್ಲಿಷ್ ಕಾಗುಣಿತವೂ ಕಾಲ ಹೇಳುತ್ತೆ: ಬ್ರಿಟಿಷರ ಕಾಲದಲ್ಲಿ ಅದನ್ನು ನಡುವೆ 'ಎಚ್' ಸೇರಿಸಿ, ಎರಡು 'ಟಿ' ಹಾಕಿ ಬರೆಯುತ್ತಿದ್ದರು.

ಇನ್ನು ಗಡಿಯುದ್ಧದ ಬೆಳ್ಳಿ ಪದಕ. ಹಿಂಬದಿಯಲ್ಲಿ ಬೆಟ್ಟದ ನಡುವಿನ ಕೋಟೆ, ಕೆಳಗೆ 'ಇಂಡಿಯಾ' ಎಂದಿದ್ದರೆ ಅದು 1908ರ ಇಂಡಿಯಾ ಜನರಲ್ ಸರ್ವಿಸ್ ಮೆಡಲ್. ಕೋಟೆ ಖೈಬರ್ ಕಣಿವೆ ಬಾಯಿಯ ಜಮ್ರೂದ್. ರಿಬ್ಬನ್ ಮೇಲೆ ಕೂರುವ ಬೆಳ್ಳಿ ಪಟ್ಟಿಯಲ್ಲಿ ಯಾವ ಕಾರ್ಯಾಚರಣೆ ಎಂದು ಬರೆದಿರುತ್ತೆ: ವಜೀರಿಸ್ತಾನ್, ಅಫ್ಘಾನಿಸ್ತಾನ್, ನಮ್ಮ ಪಕ್ಕದ ಮಲಬಾರ್ 1921-22 ಕೂಡ. ಪಟ್ಟಿ ಇಲ್ಲದೆ ಈ ಪದಕ ಕೊಡುತ್ತಿರಲಿಲ್ಲ, ಆದ್ದರಿಂದ ಬರಿ ಬಿಲ್ಲೆ ಸಿಕ್ಕರೆ ಪಟ್ಟಿ ಟ್ರಂಕಿನ ಮೂಲೆಯಲ್ಲೇ ಬಿದ್ದಿರಬಹುದು. ರಾಜನ ತಲೆ ಸುತ್ತ 'ಕೈಸರ್-ಇ-ಹಿಂದ್' ಎಂದು ಓದಿ ಅದೇ ಹೆಸರಿನ ದೊಡ್ಡ ಬಿರುದಿನ ಪದಕ ಅಂದುಕೊಳ್ಳಬೇಡಿ. ಅದು ಬೇರೆ, ಜನಸೇವೆಗೆ ಕೊಡುತ್ತಿದ್ದದ್ದು. ಇಲ್ಲಿ ಬರೆದಿರುವುದು ದೊರೆಯ ಪದವಿ ಮಾತ್ರ. 1936ರ ನಂತರದ ಪದಕದಲ್ಲಿ ಕೋಟೆ ಹೋಗಿ ಹುಲಿ ಬಂತು.

ಹೆಸರಿಲ್ಲದ ನಕ್ಷತ್ರಗಳು

ಎರಡನೇ ಮಹಾಯುದ್ಧದ ಪದಕ ಸಿಕ್ಕವರು ಅಂಚಿನಲ್ಲಿ ಏನೂ ಇಲ್ಲ ಎಂದು ನಿರಾಶರಾಗುತ್ತಾರೆ. ಅದು ನಕಲಿಯ ಲಕ್ಷಣ ಅಲ್ಲ. ಬ್ರಿಟನ್ ಮತ್ತು ಭಾರತದವರಿಗೆ ಆ ಆರು ಮೂಲೆಯ ಹಳದಿ ಲೋಹದ ತಾರೆಗಳನ್ನು ಹೆಸರು ಕೊರೆಯದೆಯೇ ಕೊಟ್ಟರು. ನಡುವಿನಲ್ಲಿ ದೊರೆಯ ಅಕ್ಷರಮುದ್ರೆ, ಸುತ್ತ ತಾರೆಯ ಹೆಸರು: 1939-45 ಸ್ಟಾರ್, ಆಫ್ರಿಕಾ ಸ್ಟಾರ್, ಬರ್ಮಾ ಸ್ಟಾರ್, ಇಟಲಿ ಸ್ಟಾರ್. ಜೊತೆಗೆ ಸಿಂಹ ನಿಂತಿರುವ ವಾರ್ ಮೆಡಲ್, ಭಾರತದ ನಕ್ಷೆ ಇರುವ ಇಂಡಿಯಾ ಸರ್ವಿಸ್ ಮೆಡಲ್. ಇವೆರಡೂ ಬೆಳ್ಳಿ ಥರ ಕಾಣುತ್ತವೆ, ಆದರೆ ತಾಮ್ರ ನಿಕ್ಕೆಲ್ ಮಿಶ್ರಣ. ಬೆಳ್ಳಿ ಎಂದು ಕೊಂಡ ಅಂಗಡಿಯವರಿಗೆ ನಷ್ಟ.

ಇಂಥ ಪದಕ ಯಾರದ್ದು ಎಂದು ಹೇಳುವುದು ಪದಕವಲ್ಲ, ಅದರ ಜೊತೆಗಿರುವುದು: ಪೆಟ್ಟಿಗೆಯ ಚೀಟಿ, ಡಿಸ್ಚಾರ್ಜ್ ಬುಕ್, ಪೆನ್ಷನ್ ಕಾಗದ, ಒಂದು ಫೋಟೋ. ಗುಂಪನ್ನು ಬಿಡಿಸಿ ಮಾರಿದರೆ ಹೆಸರಿನ ದಾರ ಅಲ್ಲಿಗೆ ತುಂಡಾಯಿತು. ಮನೆಯಲ್ಲಿ ತಿಳಿದವರು ಇರುವಾಗಲೇ 'ಇದು ಇಂಥವರದು, ಇಂಥ ಊರು, ಇಂಥ ಟ್ರಂಕಿನಲ್ಲಿ ಸಿಕ್ಕಿತು' ಎಂದು ಚೀಟಿ ಬರೆದು ಜೊತೆಗಿಡುವುದು ಮಾಡಬಹುದಾದ ಅತಿ ದೊಡ್ಡ ಕೆಲಸ.

1947ರ ಈಚೆಗೆ

ಸ್ವಾತಂತ್ರ್ಯದ ಪದಕ ಗುರುತಿಸುವುದು ಸುಲಭ: ಒಂದು ಬದಿ ಅಶೋಕ ಸಿಂಹ ಮತ್ತು 15 ಆಗಸ್ಟ್ 1947ರ ತಾರೀಖು, ಇನ್ನೊಂದು ಬದಿ ಚಕ್ರದ ಮೇಲೆ ಬ್ರಿಟಿಷ್ ಕಿರೀಟ. ಗಣರಾಜ್ಯಕ್ಕೆ ಮುಂಚಿನ ಎರಡೂವರೆ ವರ್ಷದ ವಿಚಿತ್ರ ಸ್ಥಿತಿ ಒಂದೇ ಬಿಲ್ಲೆಯಲ್ಲಿ ಕೂತಿದೆ. ರಿಬ್ಬನ್ ಕೇಸರಿ, ಬಿಳಿ, ಹಸಿರು.

ಆಮೇಲಿನ ಸೈನ್ಯ ಸೇವಾ ಮೆಡಲ್, 1965ರ ರಕ್ಷಾ ಮೆಡಲ್, 1971ರ ಸಂಗ್ರಾಮ ಮೆಡಲ್, ಪೂರ್ವಿ ಮತ್ತು ಪಶ್ಚಿಮಿ ಸ್ಟಾರ್, 9, 20, 30 ವರ್ಷದ ದೀರ್ಘ ಸೇವಾ ಪದಕ ಇವು ಸಾಮಾನ್ಯವಾಗಿ ಸಿಗುವವು. ಪದಕದ ಮೇಲೆ ದೇವನಾಗರಿಯಲ್ಲೇ ಹೆಸರಿರುವುದರಿಂದ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಲ್ಲೂ ನಂಬರ್ ಮಾತಾಡುತ್ತೆ. ಐಸಿ ಎಂದು ಶುರುವಾದರೆ ಅಧಿಕಾರಿ, ಜೆಸಿ ಎಂದರೆ ಸುಬೇದಾರ್ ಸಾಲಿನವರು. ಜವಾನರ ಏಳಂಕಿ ನಂಬರಿನ ಮೊದಲ ಎರಡು ಅಂಕಿ ರೆಜಿಮೆಂಟ್ ತಿಳಿಸುತ್ತವೆ: 25 ಮದ್ರಾಸ್ ರೆಜಿಮೆಂಟ್, 27 ಮರಾಠಾ. ಪರಮವೀರ ಅಬ್ದುಲ್ ಹಮೀದರ ನಂಬರ್ 2639885, 26 ಗ್ರೆನೇಡಿಯರ್ಸ್.

ಶೌರ್ಯ ಪದಕಗಳ ಮಾತು ಬೇರೆ. ಪರಮವೀರ ಚಕ್ರ ಕಂಚಿನದು, ನಾಲ್ಕು ವಜ್ರಾಯುಧದ ಚಿತ್ರ, ನೇರಳೆ ರಿಬ್ಬನ್. ಮಹಾವೀರ ಮತ್ತು ವೀರ ಚಕ್ರ ಬೆಳ್ಳಿಯವು. ಮೊದಲನೆಯದರ ರಿಬ್ಬನ್ ಅರ್ಧ ಬಿಳಿ ಅರ್ಧ ಕಿತ್ತಳೆ, ಎರಡನೆಯದು ಅರ್ಧ ಕಡುನೀಲಿ ಅರ್ಧ ಕಿತ್ತಳೆ. 'ಅಶೋಕ ಚಕ್ರ ಮೂರನೇ ದರ್ಜೆ' ಎಂಬ ಹಳೇ ಪದಕವೇ 1967ರ ನಂತರ ಶೌರ್ಯ ಚಕ್ರ ಎಂದು ಹೆಸರಾದದ್ದು. ಇವುಗಳಲ್ಲಿ ಯಾವುದೇ ಸಿಕ್ಕರೂ ನಂಬುವ ಮೊದಲು ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿ ಜಾಲತಾಣದಲ್ಲಿ ಹೆಸರು ಹುಡುಕಬೇಕು. ಪ್ರಶಸ್ತಿ ಭಾರತ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾಗಿಯೇ ಇರುತ್ತದೆ. ಗೆಜೆಟ್‌ನಲ್ಲಿ ಇಲ್ಲದ ಹೆಸರಿಗೆ ಪದಕ ತೋರಿಸಿದರೆ ಅನುಮಾನ ಪಡಲೇಬೇಕು.

ಪುಟಾಣಿ ಪದಕ

ಕೆಲವು ಮನೆಗಳಲ್ಲಿ ಅದೇ ಪದಕದ ಮರಿ ಸಿಗುತ್ತದೆ. ಅಡ್ಡಳತೆ ಸುಮಾರು ಅರ್ಧ, 18 ಮಿಲಿಮೀಟರ್ ಆಸುಪಾಸು. ಮಕ್ಕಳ ಆಟಿಕೆ ಅಲ್ಲ. ಮೆಸ್‌ನಲ್ಲಿ ರಾತ್ರಿ ಔತಣಕ್ಕೆ ತೊಡುವ ಸಮವಸ್ತ್ರದ ಮೇಲೆ ಹಾಕಿಕೊಳ್ಳುವ ಮಿನಿಯೇಚರ್. ದೊಡ್ಡ ಪದಕ ಸರ್ಕಾರ ಕೊಡುತ್ತೆ, ಮರಿಯನ್ನು ಸ್ವಂತ ದುಡ್ಡಲ್ಲಿ ಮಾಡಿಸಿಕೊಳ್ಳಬೇಕಿತ್ತು. ಆದ್ದರಿಂದ ಒಂದೇ ಪದಕದ ಮರಿಗಳಲ್ಲೂ ಕೆಲಸ, ದಪ್ಪ, ಲೋಹ ಬೇರೆ ಬೇರೆ ಇರುತ್ತವೆ. ಕಂಚಿನ ಪದಕದ ಮರಿ ಬೆಳ್ಳಿಯಲ್ಲಿದ್ದರೂ ಆಶ್ಚರ್ಯ ಇಲ್ಲ.

ಮರಿಯ ಅಂಚಿನಲ್ಲಿ ಹೆಸರು ಇರುವುದು ಬಲು ಅಪರೂಪ. ಹಾಗಾಗಿ ಒಂಟಿ ಮರಿ ಯಾವುದಕ್ಕೂ ಸಾಕ್ಷಿಯಾಗಲ್ಲ. ಯಾರು ಬೇಕಾದರೂ ಕೊಳ್ಳಬಹುದಿತ್ತು. ಆದರೆ ನಾಲ್ಕೈದು ಮರಿಗಳು ಒಂದೇ ಸರಳಿಗೆ ಹೊಲಿದಿದ್ದರೆ ಆ ಸಾಲಿನಿಂದ ಒಂದು ಸೇವಾ ಜೀವನ ಊಹಿಸಬಹುದು. ಮೆಸ್ ಉಡುಪು ಇದ್ದವರು ಹೆಚ್ಚಾಗಿ ಅಧಿಕಾರಿಗಳು ಅನ್ನೋದೂ ಒಂದು ಸುಳಿವು. ವೀರ ಚಕ್ರದ ಮರಿ ತೋರಿಸಿ 'ಇದು ಅಸಲಿ ವೀರ ಚಕ್ರ' ಎಂದು ಬೆಲೆ ಹೇಳುವವರಿಗೆ ಮಾತ್ರ ಅಂಗಡಿಯವರು ಕೈ ಮುಗಿದು ಕಳಿಸುವುದೇ ಸರಿ.

ಅಳಿಸಿದ ಹೆಸರು, ಅಚ್ಚು ಎರಕ

ನಕಲಿ ಮಾಡುವವರು ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಅಂಥದ್ದರಲ್ಲಿ ಅಕ್ಷರದ ಮೂಲೆಗಳು ಸೋಪಿನ ಹಾಗೆ ಮೊಂಡಾಗಿರುತ್ತವೆ, ಮೈಮೇಲೆ ಸೂಜಿಮೊನೆಯಷ್ಟು ಗುಳ್ಳೆ ಕಾಣುತ್ತೆ, ಅಂಚಿನ ನಡುವೆ ಜೋಡಿಸಿದ ಗೆರೆ ಇರಬಹುದು. ಎರಕ ತಣ್ಣಗಾಗುವಾಗ ಕುಗ್ಗುವುದರಿಂದ ಅಳತೆಯೂ ತುಸು ಕಡಿಮೆ.

ಇದಕ್ಕಿಂತ ಕಷ್ಟದ ಮೋಸ, ಅಸಲಿ ಪದಕದ ಹೆಸರು ಅರೆದು ಬೇರೆ ಹೆಸರು ಕೊರೆಯುವುದು. ಅಕ್ಕಸಾಲಿಗರ ಬಳಿ ಇರುವ ವರ್ನಿಯರ್ ಕ್ಯಾಲಿಪರ್ ಇದನ್ನು ಹಿಡಿಯುತ್ತದೆ. 36 ಮಿಲಿಮೀಟರ್ ಇರಬೇಕಾದದ್ದು ಎಲ್ಲ ಕಡೆ ಒಂದೇ ಅಳತೆ ಬಾರದೆ, ಒಂದು ದಿಕ್ಕಿನಲ್ಲಿ ಅರ್ಧ ಮಿಲಿಮೀಟರ್ ಕಮ್ಮಿ ಬಂದರೆ ಅಂಚು ಅರೆದಿದೆ. ವಾರ್ ಮೆಡಲ್, ವಿಕ್ಟರಿ ಎರಡರಲ್ಲೂ ಅಕ್ಷರಗಳು ಒಂದೊಂದಾಗಿ ಒತ್ತಿದವು; ಕೊರೆದ ಗೆರೆಯ ಅಕ್ಷರ ಕಂಡರೆ ಯೋಚಿಸಬೇಕು. ಹಾಗೆಂದು ಕೊರೆದದ್ದೆಲ್ಲ ಮೋಸ ಅಲ್ಲ. ಹಳೆಯ ಗಡಿಯುದ್ಧದ ಪದಕಗಳಲ್ಲಿ ಕೈಬರಹದಂಥ ಕೂಡು ಅಕ್ಷರದಲ್ಲೇ ಕೊರೆಯುತ್ತಿದ್ದರು.

ಹುಣಸೆಹಣ್ಣು, ಬೂದಿ, ಬೆಳ್ಳಿ ಪಾಲಿಶ್ ಯಾವುದೂ ಬೇಡ. ನಕಲಿಗಾರ ಅರೆಯುವಷ್ಟನ್ನೇ ಹಬ್ಬಕ್ಕೊಮ್ಮೆ ತೊಳೆಯುವ ಕೈ ನಿಧಾನವಾಗಿ ಅರೆದಿರುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಒಂದೊಂದನ್ನೂ ಬೇರೆ ಕಾಗದದಲ್ಲಿ ಸುತ್ತಿಟ್ಟರೆ ಸಾಕು. ಹರಿದ ರಿಬ್ಬನ್ ಎಸೆಯಬೇಡಿ, ಅದೂ ಗುರುತೇ.

ಅಂಗಡಿಯವರು ತಿಳಿದಿರಬೇಕಾದದ್ದು

ನೂರು ವರ್ಷ ತುಂಬಿದ ಲೋಹದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಮೊದಲ ಮಹಾಯುದ್ಧದ ಪದಕಗಳು ಈಗ ಆ ವಯಸ್ಸು ದಾಟಿವೆ. ಆ ಕಾಯ್ದೆಯಂತೆ ಪುರಾತನ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಹೊರದೇಶದ ಗಿರಾಕಿ ಒಳ್ಳೆ ರೇಟು ಹೇಳಿದ ಎಂದು ಕೊರಿಯರ್ ಮಾಡಿದರೆ ಸಿಕ್ಕಿಬೀಳುವುದು ಕಳಿಸಿದವರು. ಸೈನಿಕನಲ್ಲದವನು ಸೈನಿಕನೆಂದು ನಂಬಿಸಲು ಪದಕ ತೊಡುವುದೂ ಅಪರಾಧ.

ಕದ್ದ ಮಾಲಿನ ಭಯವೂ ಇದೆ. ಹೆಸರಿರುವ ಪದಕ ತಂದವರ ಹತ್ತಿರ ಗುರುತಿನ ಚೀಟಿ ನಕಲು ಪಡೆದು, ಅಂಚಿನ ಬರಹವನ್ನು ಬಿಲ್ಲಿನಲ್ಲೇ ಬರೆಯುವ ಅಂಗಡಿಯವರಿಗೆ ನಾಳೆ ತಲೆನೋವು ಇರಲ್ಲ. ಅಡವಿಗೆ ಬಂದದ್ದಕ್ಕೂ ಇದೇ ಮಾತು.

ಎಲ್ಲಿ ವಿಚಾರಿಸಬಹುದು

ಸ್ವಾತಂತ್ರ್ಯಾನಂತರದ ಸೇವೆಯಾದರೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ನಂಬರ್, ಹುದ್ದೆ, ಹೆಸರು ಬರೆದು ಮನೆಯವರು ಅರ್ಜಿ ಹಾಕಬಹುದು. ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮರಾಠಾ ಪಡೆಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ಊಟಿ ಹತ್ತಿರದ ವೆಲ್ಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್. ಎಲ್ಲಿಗೆ ಬರೆಯಬೇಕು ಎಂದೇ ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅಂಚಿನ ಫೋಟೋ ತೋರಿಸಿ ಕೇಳಬಹುದು. ಅಜ್ಜಿಯ ಪೆನ್ಷನ್ ಕಾಗದ ಕಳೆದಿರುವ ಮನೆಯವರು ಇದನ್ನು ಮುಂದೂಡಬಾರದು. ಪದಕ ತೋರಿಸಿದರೆ ಪೆನ್ಷನ್ ಬರಲ್ಲ, ಆದರೆ ಅದರ ಮೇಲಿನ ನಂಬರ್ ಹಿಡಿದು ದಾಖಲೆ ಹುಡುಕಬಹುದು.

ಯುದ್ಧದಲ್ಲೇ ತೀರಿಕೊಂಡವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳ ಹೆಸರುಗಳಿವೆ, ಹುಡುಕಲು ದುಡ್ಡು ಕೊಡಬೇಕಿಲ್ಲ. ಹೆಸರಿನಿಂದ ಸಿಗದಿದ್ದರೆ ಸರ್ವಿಸ್ ನಂಬರ್ ಹಾಕಿ ನೋಡಿ. ಕಾಗುಣಿತದ ಗೊಂದಲ ಅಲ್ಲಿ ಅಡ್ಡ ಬರಲ್ಲ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲ್ಲೂಕು ಕೂಡ ಇರುತ್ತೆ. ಊರಿನ ಹೆಸರೂ ಇಂಗ್ಲಿಷ್ ಗುಮಾಸ್ತನ ಕಿವಿಗೆ ಬಿದ್ದಂತೆಯೇ ಬರೆದಿರುತ್ತದೆ, ಜೋರಾಗಿ ಓದಿ ನೋಡಿದರೆ ಎಷ್ಟೋ ಸಲ ಗೊತ್ತಾಗುತ್ತೆ.